ವಾರಕ್ಕೆರಡು ದಿನದ ಮುಖ್ಯಾಧಿಕಾರಿಗಳು: ಒಂದು ಸೇವೆಯ ವಿಮರ್ಶೆ

ಬೆಳೆಯುತ್ತಿರುವ ಸಣ್ಣ ಉದ್ಯಮಗಳಿಗೆ ಹಣಕಾಸು, ಕಾರ್ಯನಿರ್ವಹಣೆ, ಮಾರಾಟ, ಸಿಬ್ಬಂದಿ ಮುಂತಾದ ವಿಭಾಗಗಳ ಅನುಭವಿ ಮುಖ್ಯಸ್ಥರನ್ನು ವಾರಕ್ಕೆ ಒಂದೋ ಎರಡೋ ದಿನದ ಲೆಕ್ಕದಲ್ಲಿ ಒದಗಿಸುವ ಸಂಸ್ಥೆಗಳಿವೆ. ಅಂಥ ಒಂದು ಸಂಸ್ಥೆಯ ಸೇವೆಯನ್ನು ನಾನು 14 ತಿಂಗಳ ಕಾಲ ಪಡೆದೆ. ಬಂದವರು ಒಬ್ಬ ಹಣಕಾಸು ಮುಖ್ಯಸ್ಥೆ ಮತ್ತು ಒಬ್ಬ ಕಾರ್ಯನಿರ್ವಹಣಾ ಮುಖ್ಯಸ್ಥ. ಇಬ್ಬರದೂ ವಾರಕ್ಕೆ ಎರಡು ದಿನದ ಕೆಲಸ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ದೂರುಗಳಲ್ಲಿ ಅರ್ಧಕ್ಕೂ ಹೆಚ್ಚು ಈ ಬಗೆಯ ಸೇವೆಗೇ ಅಂಟಿಕೊಂಡಂಥವು, ಉಳಿದವುಗಳಲ್ಲಿ ನನ್ನ ತಪ್ಪುಗಳೂ ಬೆರೆತಿವೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಹಣಕಾಸಿನ ಹೊಣೆಯನ್ನು ಹೀಗೆ ವಹಿಸಿದ್ದು ಕೊಟ್ಟ ಹಣಕ್ಕೆ ಮೋಸವಿಲ್ಲದ ವ್ಯವಹಾರ, ಕಾರ್ಯನಿರ್ವಹಣೆಯ ಹೊಣೆಯನ್ನು ಹೀಗೆ ವಹಿಸಿದ್ದು ಮಾಡಬಾರದಾಗಿದ್ದ ಕೆಲಸ. ಒಂದೇ ಸಂಸ್ಥೆ, ಒಂದೇ ಒಪ್ಪಂದ, ಹೆಚ್ಚುಕಡಿಮೆ ಒಂದೇ ಮಟ್ಟದ ಅನುಭವವುಳ್ಳ ಇಬ್ಬರು. ಆದರೂ ಫಲ ಹೀಗೆ ಎರಡು ಬಗೆಯಾದದ್ದು ಏಕೆ ಎಂಬುದನ್ನು ವಿವರಿಸುವುದಕ್ಕಾಗಿಯೇ ಇಷ್ಟು ಉದ್ದದ ವಿಮರ್ಶೆ ಬರೆಯುತ್ತಿದ್ದೇನೆ.

ನಮ್ಮದು ಗೋದಾಮು ಮತ್ತು ಕಚೇರಿಗಳಿಗೆ ಬೇಕಾದ ಉಕ್ಕಿನ ಕಪಾಟುಗಳನ್ನು ತಯಾರಿಸಿ, ಗ್ರಾಹಕರ ಜಾಗಕ್ಕೇ ಹೋಗಿ ಜೋಡಿಸಿಕೊಡುವ ಉದ್ಯಮ. ಆರು ಜನರಿಂದ ಆರಂಭವಾಗಿ, ಈ ಸೇವೆಯನ್ನು ಗೊತ್ತುಮಾಡಿಕೊಂಡ ಹೊತ್ತಿಗೆ 46 ಜನರಾಗಿದ್ದೆವು; ಅವರಲ್ಲಿ 11 ಮಂದಿ ನೇರವಾಗಿ ನನಗೇ ವರದಿ ಮಾಡುತ್ತಿದ್ದರು. 'ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು' ಎಂಬ ಗಾದೆಯನ್ನು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ, ಅದನ್ನೇ ಹಿಡಿದು ಅಷ್ಟೂ ವರ್ಷ ಉದ್ಯಮ ನಡೆಸಿದ್ದೆ. ಹೀಗಿರುವಾಗ ಒಮ್ಮೆ ಕಾಯಿಲೆಯಿಂದ ಒಂಬತ್ತು ದಿನ ಮನೆಯಲ್ಲಿಯೇ ಉಳಿಯಬೇಕಾಯಿತು. ಹಿಂದಿರುಗಿದಾಗ ನನ್ನ ಒಪ್ಪಿಗೆಗಾಗಿ 31 ಸಂಗತಿಗಳು ಕಾದಿದ್ದವು. ಅವುಗಳಲ್ಲಿ ನಾಲ್ಕು ಮಾತ್ರ ನಿಜಕ್ಕೂ ನನ್ನ ಬಳಿಗೆ ಬರಬೇಕಾದಂಥವು. ಉಳಿದವುಗಳಲ್ಲಿ, ಬಣ್ಣದ ಛಾಯೆ ಸ್ವಲ್ಪ ಬೇರೆಯಾಗಿದ್ದ ಸರಕನ್ನು ಕಳುಹಿಸಬಹುದೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಎರಡು ದಿನ ಗೇಟಿನೊಳಗೇ ನಿಂತ ಲಾರಿಯೂ ಒಂದು. ಗ್ರಾಹಕರಿಗೆ ಒಂದು ಫೋನ್ ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು. ಫೋನ್ ಮಾಡುವ ಅಧಿಕಾರ ತಮಗಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ನೇರವಾಗಿ ವರದಿ ಮಾಡುವವರ ಸಂಖ್ಯೆ ಹೆಚ್ಚಿದಂತೆ ಮುಖ್ಯಸ್ಥನ ಭಾರ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚುತ್ತದೆ ಎಂಬುದನ್ನು ಆಡಳಿತ ಸಲಹೆಗಾರ ವಿ. ಎ. ಗ್ರೈಕುನಾಸ್ 1933ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು. ಮುಖ್ಯಸ್ಥನಿಗೂ ಪ್ರತಿಯೊಬ್ಬನಿಗೂ ಇರುವ ಸಂಬಂಧ, ಮುಖ್ಯಸ್ಥನಿಗೂ ಅವರ ಗುಂಪುಗಳಿಗೂ ಇರುವ ಸಂಬಂಧ, ಅವರವರೊಳಗಿನ ಸಂಬಂಧ, ಈ ಮೂರನ್ನೂ ಎಣಿಸಿದರೆ ನಾಲ್ವರಿಗೆ 44, ಐವರಿಗೆ 100, ಆರು ಜನರಿಗೆ 222, ಎಂಟು ಜನರಿಗೆ 1,080 ಎಂದು ಅವರ ಸೂತ್ರ ಹೇಳುತ್ತದೆ. ಅದೇ ಸೂತ್ರಕ್ಕೆ ನನ್ನ 11 ಜನರನ್ನು ಹಾಕಿ ನೋಡಿದರೆ 11,374 ಬಂತು. ಈ ಸಂಬಂಧಗಳೆಲ್ಲವೂ ದಿನವೂ ಜೀವಂತವಾಗಿರುವುದಿಲ್ಲವಾದ್ದರಿಂದ ಸಂಖ್ಯೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ. ಆದರೆ ಸಂಜೆ ಏಳು ಗಂಟೆಗೆ ನನ್ನ ಕೋಣೆಯ ಹೊರಗೆ ಸಾಲು ನಿಂತವರನ್ನು ಕಂಡಾಗ ಅದು ಉತ್ಪ್ರೇಕ್ಷೆ ಅನ್ನಿಸುತ್ತಲೂ ಇರಲಿಲ್ಲ.

ಪೂರ್ಣಾವಧಿಯ ಮುಖ್ಯಾಧಿಕಾರಿಯೊಬ್ಬರಿಗೆ ಸಂಬಳ ಕೊಡುವಷ್ಟು ಉದ್ಯಮ ಬೆಳೆದಿರಲಿಲ್ಲ, ಅವರಿಲ್ಲದೆ ಮುಂದಕ್ಕೆ ಬೆಳೆಯುವಂತೆಯೂ ಇರಲಿಲ್ಲ. ಈ ಇಕ್ಕಟ್ಟಿನಲ್ಲಿರುವವರಿಗೆಂದೇ ಅರೆಕಾಲಿಕ ಸೇವೆ ಹುಟ್ಟಿಕೊಂಡಿದೆ. ಇದನ್ನು ಸಲಹೆಗಾರರ ಸೇವೆಯೊಂದಿಗೆ ಬೆರೆಸಬಾರದು: ಸಲಹೆಗಾರ ಹೇಳಿ ಹೋಗುತ್ತಾನೆ, ಮುಖ್ಯಾಧಿಕಾರಿ ನಿರ್ಧರಿಸಿ ಅದರ ಫಲಕ್ಕೆ ಉತ್ತರ ಕೊಡುತ್ತಾನೆ. ಹಂಗಾಮಿ ಅಧಿಕಾರಿಯೂ ಬೇರೆ. ಅವನು ಖಾಲಿಯಾದ ಒಂದು ಸ್ಥಾನದಲ್ಲಿ ಕೆಲವು ತಿಂಗಳು ಪೂರ್ಣಾವಧಿ ಕೂರುವವನು. ಅರೆಕಾಲಿಕ ಅಧಿಕಾರಿ ಸ್ಥಾನದಲ್ಲಿ ನಿರಂತರವಾಗಿ ಇರುತ್ತಾನೆ, ಆದರೆ ವಾರದ ಉಳಿದ ದಿನಗಳಲ್ಲಿ ಇನ್ನೊಬ್ಬರ ಉದ್ಯಮದಲ್ಲಿರುತ್ತಾನೆ. ಈ ಕೊನೆಯ ಮಾತಿನ ತೂಕ ಒಪ್ಪಂದಕ್ಕೆ ಸಹಿ ಹಾಕುವಾಗ ನನಗೆ ಅರಿವಾಗಿರಲಿಲ್ಲ.

ಸೇವೆಯ ಅತ್ಯುತ್ತಮ ಭಾಗ ಅಧಿಕಾರಿಗಳು ಬರುವುದಕ್ಕೆ ಮೊದಲೇ ಮುಗಿದುಹೋಗಿತ್ತು ಎಂದರೆ ವಿಚಿತ್ರವೆನ್ನಿಸಬಹುದು. ಮೊದಲ ಭೇಟಿಯಲ್ಲಿ ಸಂಸ್ಥೆಯವರು ಯಾರ ಪರಿಚಯಪತ್ರವನ್ನೂ ತೋರಿಸಲಿಲ್ಲ. ಬದಲಾಗಿ ಮೂರು ವಾರ ನಾನು ಕೈಗೊಳ್ಳುವ ಪ್ರತಿಯೊಂದು ನಿರ್ಧಾರವನ್ನೂ, ಅದು ಎಷ್ಟೇ ಚಿಕ್ಕದಿರಲಿ, ಒಂದು ಪುಸ್ತಕದಲ್ಲಿ ಬರೆದಿಡಬೇಕೆಂದರು: ಏನು ನಿರ್ಧಾರ, ಯಾರು ಕೇಳಿದರು, ನಾನು ಯಾವ ಮಾಹಿತಿಯ ಮೇಲೆ ನಿರ್ಧರಿಸಿದೆ, ತಪ್ಪಾದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೇ. ಮೊದಲ ನಾಲ್ಕು ದಿನ ಇದು ಮಕ್ಕಳ ಮನೆಪಾಠದಂತೆ ಕಂಡಿತು. ಎರಡನೆಯ ವಾರದ ಕೊನೆಗೆ, ಬರೆಯಲು ನಾಚಿಕೆಯಾಗುವಂಥ ನಿರ್ಧಾರಗಳನ್ನು ನಾನು ಕೈಗೊಳ್ಳುವುದನ್ನೇ ನಿಲ್ಲಿಸಿದ್ದೆ. ಒಟ್ಟು 214 ನಿರ್ಧಾರಗಳು ದಾಖಲಾದವು. ಅವನ್ನು ಮೇಜಿನ ಮೇಲೆ ಹರಡಿ ವಿಂಗಡಿಸಲು ಕುಳಿತಾಗ, ಹಿಂದಕ್ಕೆ ತೆಗೆದುಕೊಳ್ಳಲಾಗದಂಥವು 14 ಮಾತ್ರ ಎಂದು ತಿಳಿಯಿತು. ಉಳಿದ 200ರಲ್ಲಿ ಹೆಚ್ಚಿನವು ತಪ್ಪಿದರೂ ಒಂದು ವಾರದಲ್ಲಿ, ಸಣ್ಣ ನಷ್ಟದಲ್ಲಿ ಸರಿಪಡಿಸಬಹುದಾದಂಥವು. ಅವುಗಳಿಗಾಗಿ ಉದ್ಯಮ ನನ್ನ ಬಾಗಿಲಲ್ಲಿ ಸಾಲು ನಿಲ್ಲುತ್ತಿತ್ತು.

ಈ ವಿಂಗಡಣೆಯಿಂದ ಅಧಿಕಾರ ಪಟ್ಟಿ ಎಂಬ ನಾಲ್ಕು ಪುಟಗಳ ದಾಖಲೆ ಸಿದ್ಧವಾಯಿತು. ದೊಡ್ಡ ಕಂಪನಿಗಳಲ್ಲಿ ಇದು ಹೊಸದೇನಲ್ಲ. ನಮ್ಮಂಥವರಲ್ಲಿ ಇರುವುದೇ ಅಪರೂಪ. ಪ್ರತಿಯೊಂದು ಬಗೆಯ ನಿರ್ಧಾರದ ಎದುರು ಯಾರು ಪ್ರಸ್ತಾಪಿಸಬೇಕು, ಯಾರನ್ನು ಕೇಳಲೇಬೇಕು, ಯಾರು ನಿರ್ಧರಿಸಬೇಕು, ನಿರ್ಧರಿಸಿದ ಮೇಲೆ ಯಾರಿಗೆ ತಿಳಿಸಬೇಕು ಎಂದು ಬರೆಯಲಾಯಿತು. ನಿರ್ಧರಿಸುವವರ ಕಲಮಿನಲ್ಲಿ ಎರಡು ಹೆಸರು ಇರಕೂಡದು ಎಂಬುದು ಅವರ ಕಟ್ಟುನಿಟ್ಟಿನ ನಿಯಮ. ಖರ್ಚಿಗೆ ಸಂಬಂಧಿಸಿದವುಗಳಿಗೆ ಮೊತ್ತದ ಮಿತಿ, ಬೆಲೆಯ ರಿಯಾಯಿತಿಗೆ ಶೇಕಡಾವಾರು ಮಿತಿ, ನೇಮಕಾತಿಗೆ ಹುದ್ದೆಯ ಮಿತಿ ಗೊತ್ತುಮಾಡಲಾಯಿತು. ನನ್ನಲ್ಲಿಯೇ ಉಳಿಯಬೇಕಾದವು ಬೇರೆ ಪುಟಕ್ಕೆ ಹೋದವು: ಪಾಲು ಮಾರಾಟ, ಆಸ್ತಿಯ ಮೇಲಿನ ಸಾಲ, ವಾರ್ಷಿಕ ಬಜೆಟ್ಟಿಗೆ ಒಪ್ಪಿಗೆ, ಮುಖ್ಯಾಧಿಕಾರಿಗಳ ನೇಮಕ ಮತ್ತು ವಜಾ, ಹೊಸ ಬಗೆಯ ಉತ್ಪನ್ನಕ್ಕೆ ಕೈಹಾಕುವುದು. ಅಧಿಕಾರವನ್ನು ವಹಿಸಿಕೊಡಬಹುದೇ ಹೊರತು ಕಾನೂನಿನ ಎದುರು ನಿರ್ದೇಶಕನಾಗಿ ನನಗಿರುವ ಹೊಣೆಯನ್ನು ವಹಿಸಿಕೊಡಲಾಗದು ಎಂಬುದನ್ನೂ ಅಲ್ಲಿಯೇ ಬರೆದಿಟ್ಟರು. ತೆರಿಗೆಯ ಲೆಕ್ಕಪತ್ರ ತಡವಾದರೆ 'ನಮ್ಮ ಹಣಕಾಸು ಮುಖ್ಯಸ್ಥರು ನೋಡಿಕೊಳ್ಳುತ್ತಾರೆ' ಎಂಬ ಉತ್ತರ ನಡೆಯುವುದಿಲ್ಲ. ಈ ದಾಖಲೆಯೊಂದನ್ನೇ ಬೇರೆಯಾಗಿ ಮಾರಿದ್ದರೂ ನಾನು ಕೊಳ್ಳುತ್ತಿದ್ದೆ. ಅವರು ಹಾಗೆ ಮಾರುವುದಿಲ್ಲ. ಕನಿಷ್ಠ ಆರು ತಿಂಗಳ ಅಧಿಕಾರಿ ಸೇವೆಯೊಂದಿಗೆ ಕಟ್ಟಿಯೇ ಕೊಡುತ್ತಾರೆ. ಇದು ನನ್ನ ಮೊದಲ ದೂರು.

ಹಣಕಾಸು ಮುಖ್ಯಸ್ಥೆ ಬಂದ ಮೊದಲ ವಾರದಲ್ಲಿ ಯಾವ ಬದಲಾವಣೆಯನ್ನೂ ಮಾಡಲಿಲ್ಲ. ಬ್ಯಾಂಕಿನ ವಿವರಪಟ್ಟಿ, ಬರಬೇಕಾದ ಬಾಕಿ, ಕೊಡಬೇಕಾದ ಬಾಕಿ, ಗೋದಾಮಿನ ದಾಸ್ತಾನು ಇಷ್ಟನ್ನೇ ಕೇಳಿ ಪಡೆದರು. ಎರಡನೆಯ ವಾರ 13 ವಾರಗಳ ನಗದು ಮುನ್ನೋಟವೊಂದನ್ನು ನನ್ನ ಮುಂದಿಟ್ಟರು: ಪ್ರತಿ ವಾರ ಎಷ್ಟು ಹಣ ನಿಜಕ್ಕೂ ಬರುತ್ತದೆ, ಎಷ್ಟು ನಿಜಕ್ಕೂ ಹೋಗುತ್ತದೆ, ವಾರದ ಕೊನೆಗೆ ಎಷ್ಟು ಉಳಿಯುತ್ತದೆ. ವರ್ಷದ ನಾಲ್ಕನೆಯ ಒಂದು ಭಾಗ 13 ವಾರ. ಸಂಬಳ, ಬಾಡಿಗೆ, ತೆರಿಗೆಯ ಕಂತು, ಸಾಲದ ಕಂತು ಎಲ್ಲವೂ ಒಂದು ಸುತ್ತಾದರೂ ಅದರೊಳಗೆ ಬಂದುಹೋಗುತ್ತವೆ, ಮತ್ತು ಅಷ್ಟು ದೂರದವರೆಗೆ ಊಹೆಗೆ ಒಂದು ಆಧಾರವಿರುತ್ತದೆ ಎಂದು ವಿವರಿಸಿದರು. ಆ ಹಾಳೆಯ ಒಂಬತ್ತನೆಯ ವಾರದಲ್ಲಿ ಕೆಂಪು ಅಂಕಿ ಇತ್ತು. ಲಾಭದ ಲೆಕ್ಕದಲ್ಲಿ ಅದು ನಮ್ಮ ಅತ್ಯುತ್ತಮ ತ್ರೈಮಾಸಿಕವಾಗಲಿತ್ತು. ಉಕ್ಕಿಗೆ ನಾವು ಮುಂಗಡ ಕೊಡುತ್ತಿದ್ದೆವು, ಕಪಾಟಿನ ಹಣ ಜೋಡಣೆ ಮುಗಿದು ಎರಡು ಮೂರು ತಿಂಗಳಾದ ಮೇಲೆ ಬರುತ್ತಿತ್ತು. ಹಾಗಾಗಿ ಮಾರಾಟ ಹೆಚ್ಚಿದಷ್ಟೂ ಕೈಯಲ್ಲಿನ ಹಣ ಕರಗುತ್ತಿತ್ತು. ಇಷ್ಟು ವರ್ಷ ಇದು ನನ್ನ ಅನುಭವಕ್ಕೆ ಬಂದಿತ್ತು, ಆದರೆ ಅಂಕಿಗಳಾಗಿ, ಒಂಬತ್ತು ವಾರ ಮೊದಲೇ, ಕಣ್ಣಿಗೆ ಬಿದ್ದಿರಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಅವರು ಮಾಡಿದ ಕೆಲಸಗಳಲ್ಲಿ ಯಾವುದೂ ಪವಾಡವಲ್ಲ. ಹಣ ಪಾವತಿಯನ್ನು ದಾಖಲಿಸುವವರೂ ಅದಕ್ಕೆ ಒಪ್ಪಿಗೆ ಕೊಡುವವರೂ ಒಬ್ಬರೇ ಆಗಿರಬಾರದೆಂದು ಬ್ಯಾಂಕಿನ ವ್ಯವಸ್ಥೆಯಲ್ಲಿಯೇ ಎರಡು ಹಂತ ಮಾಡಿಸಿದರು. ತಿಂಗಳ ಲೆಕ್ಕ ಮುಗಿಯಲು ಮೊದಲು 24 ದಿನ ಹಿಡಿಯುತ್ತಿತ್ತು. ಅದು 8 ದಿನಕ್ಕೆ ಇಳಿಯಿತು. ಗ್ರಾಹಕವಾರು ಲಾಭದ ಪಟ್ಟಿ ಮಾಡಿದಾಗ, ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಅತಿದೊಡ್ಡ ಗ್ರಾಹಕ, ಸಾಗಣೆ ಮತ್ತು ಮರುಜೋಡಣೆಯ ಖರ್ಚನ್ನೂ ತಡವಾಗಿ ಬರುವ ಹಣದ ಮೇಲಿನ ಬಡ್ಡಿಯನ್ನೂ ಕಳೆದರೆ, ಏನೂ ಉಳಿಸುವುದಿಲ್ಲವೆಂದು ತಿಳಿಯಿತು. ಆ ಗ್ರಾಹಕರೊಂದಿಗೆ ಹೊಸ ಷರತ್ತುಗಳ ಮಾತುಕತೆಯನ್ನು ಅವರೇ ನಡೆಸಿದರು. ನಾನು ಆ ಕೋಣೆಯಲ್ಲಿ ಇರಲಿಲ್ಲ, ಇರಬೇಕೆಂದು ಬಹಳ ಅನ್ನಿಸಿತ್ತು. ಮುಂಗಡ ಕೊಡಲು ಗ್ರಾಹಕರು ಒಪ್ಪಿದರು. ನಾನಾಗಿದ್ದರೆ ಹಳೆಯ ಸ್ನೇಹದ ದಾಕ್ಷಿಣ್ಯಕ್ಕೆ ಸಿಕ್ಕಿ ಆ ಮಾತನ್ನು ಎತ್ತುತ್ತಲೇ ಇರಲಿಲ್ಲ. ಹೊರಗಿನವರಾಗಿರುವುದು ಕೊರತೆಯಾಗದೆ ಬಲವಾಗುವ ಸ್ಥಳಗಳೂ ಇವೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಮ್ಮ ಹಳೆಯ ಲೆಕ್ಕಿಗರು ಮಾತ್ರ ಮೊದಲ ಎರಡು ತಿಂಗಳು ಕೇಳಿದ ಕಾಗದವನ್ನು ಮೂರು ದಿನ ತಡಮಾಡಿಯೇ ಕೊಡುತ್ತಿದ್ದರು. ದೇವರು ಕೊಟ್ಟರೂ ಪೂಜಾರಿ ಬಿಡ ಎನ್ನುವುದು ಇದಕ್ಕೇ ಇರಬೇಕು. ನಾನೇ ಎದುರು ಕೂರಿಸಿಕೊಂಡು, ಅವರ ಕೆಲಸ ಹೋಗುವುದಿಲ್ಲ, ಇನ್ನು ಮುಂದೆ ನನಗಲ್ಲ, ಹಣಕಾಸು ಮುಖ್ಯಸ್ಥೆಗೆ ವರದಿ ಮಾಡುತ್ತಾರೆ ಎಂದು ಬಿಡಿಸಿ ಹೇಳಿದ ಮೇಲೆ ಸರಿಹೋಯಿತು. ಈ ಮಾತನ್ನು ಮೊದಲ ದಿನವೇ ಹೇಳಿಸಬೇಕಾದದ್ದು ಸೇವೆ ಕೊಡುವವರ ಕೆಲಸವಾಗಿತ್ತು, ಅವರು ಹೇಳಿಸಲಿಲ್ಲ.

ಕಾರ್ಯನಿರ್ವಹಣಾ ಮುಖ್ಯಸ್ಥರ ಕಥೆ ಬೇರೆ. ಅವರ ಅನುಭವ ಸುಳ್ಳಲ್ಲ. ನಮ್ಮ ಹತ್ತರಷ್ಟು ದೊಡ್ಡ ಕಾರ್ಖಾನೆಯನ್ನು ನಡೆಸಿದವರು. ಮೊದಲ ತಿಂಗಳಲ್ಲಿಯೇ ಉತ್ಪಾದನೆಯ ವಾರದ ಯೋಜನೆ, ಪ್ರತಿದಿನ ಬೆಳಿಗ್ಗೆ ಹತ್ತು ನಿಮಿಷದ ನಿಂತ ಸಭೆ, ತಡವಾದ ಆರ್ಡರುಗಳ ಫಲಕ ಎಲ್ಲವನ್ನೂ ತಂದರು. ಮಂಗಳವಾರ ಮತ್ತು ಗುರುವಾರ, ಅಂದರೆ ಅವರು ಇರುವ ದಿನ, ಎಲ್ಲವೂ ಅಚ್ಚುಕಟ್ಟಾಗಿ ನಡೆಯುತ್ತಿತ್ತು. ಆದರೆ ಬಾಗಿದ ಹಾಳೆ, ಬಾರದ ಜೋಡಣೆ ತಂಡ, ಕೊನೆಯ ಗಳಿಗೆಯಲ್ಲಿ ಅಳತೆ ಬದಲಿಸುವ ಗ್ರಾಹಕ ಇವೆಲ್ಲ ಮಂಗಳವಾರ ಗುರುವಾರಗಳನ್ನೇ ನೋಡಿಕೊಂಡು ಬರುವುದಿಲ್ಲ. ಸೋಮವಾರದ ಸಮಸ್ಯೆಯನ್ನು ಮಂಗಳವಾರದವರೆಗೆ ಹಿಡಿದಿಡಲಾಗದೆ ಜನ ನನ್ನ ಬಳಿಗೆ ಬಂದರು, ನಾನು ಹಳೆಯ ಅಭ್ಯಾಸಬಲದಿಂದ ಉತ್ತರ ಕೊಟ್ಟೆ. ಮಂಗಳವಾರ ಅವರು ಬಂದು ಅದಕ್ಕೆ ವಿರುದ್ಧವಾದ ಉತ್ತರ ಕೊಟ್ಟರು. ಎರಡು ತಿಂಗಳೊಳಗೆ ಕಾರ್ಖಾನೆಯ ಪ್ರತಿಯೊಬ್ಬನಿಗೂ ಗೊತ್ತಾಗಿತ್ತು: ಮಂಗಳವಾರ ಬೇಡ ಎನ್ನಿಸಿಕೊಂಡದ್ದನ್ನು ಬುಧವಾರ ಹೌದು ಎನ್ನಿಸಿಕೊಳ್ಳಬಹುದು.

ಅವರು ಇದನ್ನು ಕಂಡುಹಿಡಿಯದೆ ಇರಲಿಲ್ಲ. ಮೂರನೆಯ ತಿಂಗಳ ಕೊನೆಯಲ್ಲಿ ನನ್ನೆದುರು ಕುಳಿತು, ಕಳೆದ ನಾಲ್ಕು ವಾರಗಳಲ್ಲಿ ನಾನು ತಿರುವಿಹಾಕಿದ ಅವರ ಏಳು ನಿರ್ಧಾರಗಳನ್ನು ದಿನಾಂಕ ಸಮೇತ ಓದಿದರು. ಕೂಗಲಿಲ್ಲ, ಆಕ್ಷೇಪಿಸಲೂ ಇಲ್ಲ. ಅಧಿಕಾರ ಪಟ್ಟಿಯನ್ನು ತೆಗೆದು, ಆ ಏಳೂ ಯಾರ ಹೆಸರಿನ ಎದುರಿಗಿವೆ ಎಂದಷ್ಟೇ ಕೇಳಿದರು. ಸಹಿ ನನ್ನದೇ. ಅಂದಿನಿಂದ ನನ್ನ ಬಳಿಗೆ ಬಂದವರನ್ನು ಹಿಂದಕ್ಕೆ ಕಳುಹಿಸಲು ಆರಂಭಿಸಿದೆ. ಆಗ ಇನ್ನೊಂದು ತೊಂದರೆ ಕಾಣಿಸಿಕೊಂಡಿತು: ಅವರು ಇಲ್ಲದ ಮೂರು ದಿನ ಕೆಲಸವೇ ನಿಂತಿತು. ಫೋನಿನಲ್ಲಿ ಸಿಗುತ್ತೇನೆ ಎಂದಿದ್ದರು, ಸಿಗುತ್ತಲೂ ಇದ್ದರು. ಆದರೆ ಹಾಳೆಯ ಬಾಗು ಎಷ್ಟು ಎಂಬುದನ್ನು ಫೋನಿನಲ್ಲಿ ಮುಟ್ಟಿ ನೋಡಲಾಗದು.

ಹಣಕಾಸಿನ ಹೊಣೆ ನಿಂತು, ಈ ಹೊಣೆ ಬಿದ್ದುಹೋದದ್ದಕ್ಕೆ ನನಗೆ ತೋರುವ ಕಾರಣ ಇಷ್ಟೆ. ಹಣಕಾಸಿನಲ್ಲಿ ಮುಖ್ಯಸ್ಥರಿಗೆ ಬೇಕಾದ ತಿಳಿವಳಿಕೆ ಬಹುಪಾಲು ಕಾಗದದ ಮೇಲೆ ಕೂತಿರುತ್ತದೆ, ಮತ್ತು ಅದರ ಗಡಿಯಾರ ವಾರ, ತಿಂಗಳು, ತ್ರೈಮಾಸಿಕಗಳ ಲೆಕ್ಕದಲ್ಲಿ ಓಡುತ್ತದೆ. ಬುಧವಾರ ಬಾರದವರಿಗೆ ಗುರುವಾರವೂ ಅದೇ ಅಂಕಿಗಳು ಕಾದಿರುತ್ತವೆ. ಕಾರ್ಯನಿರ್ವಹಣೆಯಲ್ಲಿ ತಿಳಿವಳಿಕೆ ಜನರ ಮುಖದಲ್ಲಿ, ಯಂತ್ರದ ಸದ್ದಿನಲ್ಲಿ, ಗೇಟಿನ ಬಳಿ ನಿಂತ ಲಾರಿಯಲ್ಲಿ ಇರುತ್ತದೆ. ಅದರ ಗಡಿಯಾರ ಗಂಟೆಗಳದು. ಸಂಸ್ಥೆಯ ಮಾರಾಟ ವಿಭಾಗದವರು ಎರಡಕ್ಕೂ ಒಂದೇ ದರಪಟ್ಟಿ, ಒಂದೇ 'ವಾರಕ್ಕೆ ಎರಡು ದಿನ' ಎಂಬ ಸೂತ್ರ ಕೊಟ್ಟರು. ಇಷ್ಟು ಉದ್ಯಮಗಳನ್ನು ಕಂಡವರಿಗೆ ಈ ವ್ಯತ್ಯಾಸ ತಿಳಿದಿರಲಿಲ್ಲ ಎಂದು ನಂಬುವುದು ಕಷ್ಟ. ಸಿಬ್ಬಂದಿ ವಿಭಾಗದ ಹೊಣೆಯನ್ನೂ ಹೀಗೆಯೇ ಕೊಡುತ್ತೇವೆಂದು ಆಮೇಲೊಮ್ಮೆ ಹೇಳಿದಾಗ ನಾನು ಬೇಡವೆಂದೆ. ನೀತಿ ನಿಯಮಗಳನ್ನು ಬರೆಯಲು ವಾರಕ್ಕೆರಡು ದಿನ ಸಾಕು. ಇಬ್ಬರು ಕೆಲಸಗಾರರ ನಡುವಿನ ಜಗಳಕ್ಕೆ ಸಾಲದು.

ಹೊಣೆ ವಹಿಸುವುದರ ಬಗ್ಗೆ ಓದುವವರಿಗೆ ದೊಡ್ಡ ಕಂಪನಿಗಳ ಉದಾಹರಣೆಗಳು ಬೇಕಾದಷ್ಟು ಸಿಗುತ್ತವೆ. 1983ರಲ್ಲಿ ಆಪಲ್‌ಗೆ ಪೆಪ್ಸಿಯಿಂದ ಜಾನ್ ಸ್ಕಲ್ಲಿ ಮುಖ್ಯಸ್ಥರಾಗಿ ಬಂದರು. ಅವರನ್ನು ಕರೆತರಲು ಓಡಾಡಿದ ಸ್ಟೀವ್ ಜಾಬ್ಸ್ 1985ರಲ್ಲಿ ತಾವೇ ಕಂಪನಿ ಬಿಡಬೇಕಾಯಿತು. ಅದೇ ಜಾಬ್ಸ್ ಹಿಂದಿರುಗಿದ ಮೇಲೆ, 1998ರಲ್ಲಿ ಟಿಮ್ ಕುಕ್ ಅವರನ್ನು ತಂದು ಕಾರ್ಯಾಚರಣೆಯನ್ನು ಅವರ ಕೈಗಿತ್ತರು. 2011ರಲ್ಲಿ ಇಡೀ ಕಂಪನಿಯೇ ಕುಕ್ ಅವರ ಕೈಗೆ ಹೋಯಿತು. ಗೂಗಲ್‌ನ ಸ್ಥಾಪಕರು 2001ರಲ್ಲಿ ಎರಿಕ್ ಸ್ಮಿತ್ ಅವರನ್ನು ಸಿಇಒ ಮಾಡಿದರು, ಹತ್ತು ವರ್ಷಗಳ ನಂತರ ಸ್ಥಾಪಕರಲ್ಲೊಬ್ಬರಾದ ಲ್ಯಾರಿ ಪೇಜ್ ಆ ಸ್ಥಾನಕ್ಕೆ ಮರಳಿದರು. ನಮ್ಮಂಥವರ ಅಳತೆಗೆ ಈ ಅಂಗಿಗಳು ದೊಡ್ಡವು. ಆದರೂ ಒಂದನ್ನು ಗಮನಿಸಿದೆ: ಇವರಲ್ಲಿ ಯಾರೂ ವಾರಕ್ಕೆರಡು ದಿನದವರಾಗಿರಲಿಲ್ಲ. ಇನ್ನೊಂದು, 1972ರಲ್ಲಿ ಆಡಳಿತಶಾಸ್ತ್ರದ ವಿದ್ವಾಂಸ ಲ್ಯಾರಿ ಗ್ರೈನರ್ ಸಂಸ್ಥೆಗಳ ಬೆಳವಣಿಗೆಯನ್ನು ಹಂತಗಳಾಗಿ ವಿವರಿಸುವಾಗ, ಅಧಿಕಾರ ವಹಿಸಿಕೊಡುವ ಹಂತ ಕೊನೆಗೆ ಹಿಡಿತದ ಬಿಕ್ಕಟ್ಟಿನಲ್ಲಿ ಮುಗಿಯುತ್ತದೆ ಎಂದಿದ್ದರು. ನನ್ನ ಅನುಭವದಲ್ಲಿ ಆ ಬಿಕ್ಕಟ್ಟು ಹಂತದ ಕೊನೆಯವರೆಗೆ ಕಾಯಲಿಲ್ಲ, ಎರಡನೆಯ ತಿಂಗಳಿಗೇ ಬಂದಿತ್ತು. ಬಿಕ್ಕಟ್ಟು ಕಾರ್ಖಾನೆಯದಲ್ಲ, ನನ್ನದು.

ಐದನೆಯ ತಿಂಗಳಲ್ಲಿ ಕಾರ್ಯನಿರ್ವಹಣಾ ಮುಖ್ಯಸ್ಥರನ್ನು ಸಂಸ್ಥೆ ಬೇರೊಬ್ಬ ಗ್ರಾಹಕರಿಗೆ ವರ್ಗಾಯಿಸಿ, ಅವರ ಬದಲಿಗೆ ಇನ್ನೊಬ್ಬರನ್ನು ಕಳುಹಿಸಿತು. ಕೇಳಿದರೆ ಒಪ್ಪಂದದ ಹನ್ನೊಂದನೆಯ ಷರತ್ತನ್ನು ತೋರಿಸಿದರು: ಸಮಾನ ಅನುಭವವುಳ್ಳ ಮತ್ತೊಬ್ಬರನ್ನು ಹದಿನೈದು ದಿನಗಳ ಸೂಚನೆಯ ಮೇಲೆ ನಿಯೋಜಿಸುವ ಹಕ್ಕು ಅವರಿಗಿದೆ. ಷರತ್ತನ್ನು ನಾನು ಓದಿದ್ದೆ, ಅದು ಕಾಯಿಲೆ ಅಥವಾ ರಾಜೀನಾಮೆಗಾಗಿ ಇರುವುದೆಂದು ಭಾವಿಸಿದ್ದೆ. ಅಕೌಂಟಿಂಗ್ ತಂತ್ರಾಂಶವನ್ನು ಬದಲಿಸಿದಂತೆ ಮುಖ್ಯಸ್ಥನನ್ನು ಬದಲಿಸಬಹುದು ಎಂಬ ಎಣಿಕೆ ಈ ಸೇವೆಯ ಒಳಗೆ ಎಲ್ಲೋ ಹುದುಗಿದೆ. ಹೊಸಬರು ಒಳ್ಳೆಯವರೇ, ಆದರೆ ನಮ್ಮ ಜನ ಮತ್ತೊಮ್ಮೆ ಮೊದಲಿನಿಂದ ವಿವರಿಸಲು ಸಿದ್ಧರಿರಲಿಲ್ಲ. ಎಂಟನೆಯ ತಿಂಗಳಿಗೆ ಕಾರ್ಯನಿರ್ವಹಣೆಯ ಭಾಗವನ್ನು ನಿಲ್ಲಿಸಿದೆ.

ಒಪ್ಪಂದದ ಬಗ್ಗೆಯೇ ಇನ್ನಷ್ಟು ಹೇಳಬೇಕು, ಏಕೆಂದರೆ ಮಾರಾಟದ ಮಾತುಕತೆಯಲ್ಲಿ ಇವು ಯಾವುವೂ ಬರುವುದಿಲ್ಲ. ಇದೇ ಅಧಿಕಾರಿ ನನ್ನ ಪ್ರತಿಸ್ಪರ್ಧಿಗೂ ಕೆಲಸ ಮಾಡಬಹುದೇ ಎಂಬುದಕ್ಕೆ ಮೊದಲ ಕರಡಿನಲ್ಲಿ ಉತ್ತರವಿರಲಿಲ್ಲ; ನಾನು ಕೇಳಿ ಸೇರಿಸಿಸಿದೆ. ಹಣಕಾಸು ಮುಖ್ಯಸ್ಥೆ ಸಿದ್ಧಪಡಿಸಿದ ನಗದು ಮುನ್ನೋಟದ ಹಾಳೆ ಯಾರ ಸ್ವತ್ತು ಎಂಬುದೂ ಸ್ಪಷ್ಟವಿರಲಿಲ್ಲ. ಸೂತ್ರಗಳಿಗೆ ಬೀಗ ಹಾಕಿದ್ದರು, ಸೇವೆ ಮುಗಿದರೆ ಬರಿಯ ಅಂಕಿಗಳಷ್ಟೇ ನಮ್ಮಲ್ಲಿ ಉಳಿಯುತ್ತಿದ್ದವು. ಮೂರು ಇಮೇಲ್‌ಗಳ ನಂತರ ಬೀಗ ತೆಗೆದರು, ಒಳ್ಳೆಯ ಮನಸ್ಸಿನಿಂದೇನಲ್ಲ. ಅಧಿಕಾರಿಯನ್ನು ಪೂರ್ಣಾವಧಿಗೆ ನಾವೇ ನೇಮಿಸಿಕೊಳ್ಳಬೇಕಾದರೆ ಎರಡು ವರ್ಷ ಕಾಯಬೇಕು, ಇಲ್ಲವೇ ದೊಡ್ಡ ಮೊತ್ತದ ಶುಲ್ಕ ಕೊಡಬೇಕು ಎಂಬ ಷರತ್ತೂ ಇದೆ. ಅವರ ದೃಷ್ಟಿಯಿಂದ ಇದು ನ್ಯಾಯವೇ ಇರಬಹುದು. ಆದರೆ ಬೆಳೆಯುವ ಉದ್ಯಮಕ್ಕೆಂದೇ ಇರುವ ಸೇವೆ, ಉದ್ಯಮ ಬೆಳೆದು ಪೂರ್ಣಾವಧಿಯವರನ್ನು ಬಯಸಿದಾಗ ಅದಕ್ಕೇ ದಂಡ ಹಾಕುವುದು ನನಗೆ ಸರಿಕಾಣಲಿಲ್ಲ. ಶುಲ್ಕ ದಿನಗಳ ಲೆಕ್ಕದಲ್ಲಿರುವುದರಿಂದ, ನಮ್ಮಲ್ಲಿಯೇ ಒಬ್ಬರನ್ನು ತಯಾರು ಮಾಡಿ ತಮ್ಮ ದಿನಗಳನ್ನು ಕಡಿಮೆ ಮಾಡಿಕೊಳ್ಳಲು ಅವರಿಗೆ ಯಾವ ಪ್ರಲೋಭನೆಯೂ ಇಲ್ಲ. ಯಾರನ್ನು, ಎಷ್ಟರೊಳಗೆ, ಯಾವ ಕೆಲಸಕ್ಕೆ ಸಿದ್ಧಪಡಿಸಬೇಕೆಂಬುದನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳುವುದು ಮೇಲು.

ಕಾರ್ಯನಿರ್ವಹಣೆಯ ಹೊಣೆ ಕೊನೆಗೆ ಹೋದದ್ದು ಒಳಗಿನವರಿಗೇ. ಜೋಡಣೆ ವಿಭಾಗದಲ್ಲಿ ಒಂಬತ್ತು ವರ್ಷದಿಂದ ಮೇಲ್ವಿಚಾರಕಿಯಾಗಿದ್ದವರೊಬ್ಬರು, ಬಾಗಿಲಲ್ಲಿ ಸಾಲು ನಿಲ್ಲುವವರಲ್ಲಿ ಅತಿ ಕಡಿಮೆ ನಿಲ್ಲುತ್ತಿದ್ದವರು. ಅವರ ಸಾಮರ್ಥ್ಯಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ, ಅದನ್ನು ನೋಡಲು ನನಗೆ ನಿರ್ಧಾರಗಳ ಪುಸ್ತಕ ಬೇಕಾಯಿತು. ಪುಸ್ತಕದ 'ಯಾರು ಕೇಳಿದರು' ಎಂಬ ಕಲಮಿನಲ್ಲಿ ಅವರ ಹೆಸರು ಮೂರು ವಾರದಲ್ಲಿ ಐದೇ ಸಲ ಇತ್ತು. ಅವರಿಗೆ ಇಡೀ ಹೊಣೆಯನ್ನು ಒಂದೇ ದಿನ ಕೊಡಲಿಲ್ಲ. ಮೊದಲು ವಾರದ ಯೋಜನೆ, ಆರು ವಾರದ ನಂತರ ಜೋಡಣೆ ತಂಡಗಳ ನೇಮಕ, ಆಮೇಲೆ ನಿಗದಿತ ಮಿತಿಯೊಳಗೆ ಖರೀದಿ. ಖರೀದಿಯ ಎರಡನೆಯ ತಿಂಗಳಲ್ಲಿ ಅವರು ಬೋಲ್ಟುಗಳನ್ನು ಅಗತ್ಯಕ್ಕಿಂತ ಮೂರು ಪಟ್ಟು ತರಿಸಿದರು, ಏಕೆಂದರೆ ಪೂರೈಕೆದಾರ ರಿಯಾಯಿತಿ ತೋರಿಸಿದ್ದ. ನನಗೆ ಆರ್ಡರು ಹೋಗುವ ಹಿಂದಿನ ದಿನವೇ ಗೊತ್ತಾಗಿತ್ತು. ತಡೆಯಲಿಲ್ಲ. ನಷ್ಟ ಅವರ ಮಿತಿಯೊಳಗಿತ್ತು, ಹಿಂದಕ್ಕೆ ತೆಗೆದುಕೊಳ್ಳಬಹುದಾದದ್ದೂ ಆಗಿತ್ತು. ಆ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ ಎಂಬುದನ್ನೂ ಬರೆಯಬೇಕು. ತಿಂಗಳ ದಾಸ್ತಾನು ವರದಿಯಲ್ಲಿ ಅವರೇ ಅದನ್ನು ಗುರುತಿಸಿ, ರಿಯಾಯಿತಿಗಿಂತ ಕಟ್ಟಿಬಿದ್ದ ಹಣದ ಬೆಲೆ ಹೆಚ್ಚೆಂದು ಹಣಕಾಸು ಮುಖ್ಯಸ್ಥೆಯಿಂದ ಲೆಕ್ಕ ಕೇಳಿ ತಿಳಿದುಕೊಂಡರು. ನನ್ನಿಂದ ಕೇಳಿದ್ದರೆ ಅದೊಂದು ಬೈಗುಳವಾಗಿ ಉಳಿಯುತ್ತಿತ್ತು.

ಇಲ್ಲಿ ಸಂಸ್ಥೆಗೆ ಸಲ್ಲಬೇಕಾದ ಒಂದು ಶ್ರೇಯಸ್ಸು ಇದೆ. ಕಾರ್ಯನಿರ್ವಹಣೆಯ ಭಾಗವನ್ನು ನಿಲ್ಲಿಸಿದಾಗ, ಮೊದಲು ಬಂದಿದ್ದ ಅದೇ ಅಧಿಕಾರಿ ತಿಂಗಳಿಗೆ ಅರ್ಧ ದಿನ ಈ ಮೇಲ್ವಿಚಾರಕಿಗೆ ಮಾರ್ಗದರ್ಶಕರಾಗಿ ಬರುವ ವ್ಯವಸ್ಥೆ ಮಾಡಿಕೊಟ್ಟರು. ಮುಖ್ಯಸ್ಥರಾಗಿ ವಿಫಲರಾದವರು ಮಾರ್ಗದರ್ಶಕರಾಗಿ ಅತ್ಯುತ್ತಮರಾದರು, ಏಕೆಂದರೆ ಆ ಕೆಲಸಕ್ಕೆ ಪ್ರತಿದಿನ ಇರಬೇಕಾಗಿಲ್ಲ. ದರಪಟ್ಟಿಯಲ್ಲಿ ಈ ಸೇವೆ ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿದೆ. ಅದು ಮೊದಲ ಪುಟದಲ್ಲಿರಬೇಕಿತ್ತು.

ಅಂಕ ಕೊಡಲೇಬೇಕಾದರೆ, ಅಧಿಕಾರ ಪಟ್ಟಿ ಸಿದ್ಧಪಡಿಸಿದ್ದಕ್ಕೆ ಐದಕ್ಕೆ ಐದು, ಹಣಕಾಸಿಗೆ ನಾಲ್ಕು, ಕಾರ್ಯನಿರ್ವಹಣೆಗೆ ಒಂದೂವರೆ, ಒಪ್ಪಂದಕ್ಕೆ ಎರಡು. ಹತ್ತು ಹದಿನೈದು ಜನರಿರುವ ಉದ್ಯಮಕ್ಕೆ ಇದು ಬೇಕಾಗಿಲ್ಲ; ಅಲ್ಲಿ ಒಳ್ಳೆಯ ಲೆಕ್ಕಿಗರು ಮತ್ತು ಮೂರು ವಾರದ ನಿರ್ಧಾರಗಳ ಪುಸ್ತಕ ಸಾಕು, ಪುಸ್ತಕವನ್ನು ಯಾರ ನೆರವೂ ಇಲ್ಲದೆ ಬರೆಯಬಹುದು. ಮಾರಾಟ ಏರುತ್ತಿದ್ದರೂ ತಿಂಗಳ ಕೊನೆಗೆ ಸಂಬಳದ ಚಿಂತೆ ತಪ್ಪದವರು ಹಣಕಾಸು ಮುಖ್ಯಸ್ಥರಿಂದಲೇ ಆರಂಭಿಸುವುದು ಒಳ್ಳೆಯದು. ಯಾರನ್ನಾದರೂ ಕರೆತಂದು ಕೂರಿಸಿದರೆ ತಾನು ಬದಲಾಗದೆಯೇ ಎಲ್ಲವೂ ಸರಿಹೋಗುತ್ತದೆ ಎಂದುಕೊಂಡವರು, ಅಂದರೆ ಹಿಂದಿನ ನನ್ನಂಥವರು, ಹಣವನ್ನು ಉಳಿಸಿಕೊಳ್ಳುವುದು ಲೇಸು.

ನನಗೆ ನೇರವಾಗಿ ವರದಿ ಮಾಡುವವರು ಈಗ ನಾಲ್ವರು. ಹಣಕಾಸಿನ ಸೇವೆಯನ್ನು ವಾರಕ್ಕೆ ಒಂದು ದಿನಕ್ಕೆ ಇಳಿಸಿ ಮುಂದುವರಿಸಿದ್ದೇನೆ, ವರ್ಷದ ಕೊನೆಯೊಳಗೆ ಆ ಸ್ಥಾನಕ್ಕೆ ಪೂರ್ಣಾವಧಿಯವರನ್ನು ಹುಡುಕಬೇಕಾಗಿದೆ. ಅಭ್ಯರ್ಥಿಗಳ ಮೊದಲ ಸುತ್ತಿನ ಸಂದರ್ಶನವನ್ನು ಈಗಿನ ಹಣಕಾಸು ಮುಖ್ಯಸ್ಥೆಯೂ ಕಾರ್ಯನಿರ್ವಹಣಾ ಮುಖ್ಯಸ್ಥೆಯಾಗಿರುವ ನಮ್ಮ ಹಳೆಯ ಮೇಲ್ವಿಚಾರಕಿಯೂ ನಡೆಸುತ್ತಾರೆ. ಅಧಿಕಾರ ಪಟ್ಟಿಯ ಮೂರನೆಯ ಪುಟದಲ್ಲಿ, ಆ ಸುತ್ತಿನಲ್ಲಿ ನಾನು ಕೂರುವಂತಿಲ್ಲ ಎಂದು ಬರೆದಿದೆ.